ಐದನೇ ಆಯಾಮ ಸಿಕ್ಕಿತೇ? ಮೂವತ್ತು ಮೈಕ್ರಾನಿನೊಳಗಿನ ಪ್ರಶ್ನೆ

ಪಂಪು ಹಾಕಿ ಪೈಪಿನ ಬಾಯಿಯನ್ನು ಅಡಿಕೆ ತೋಟದಲ್ಲಿ ನೀರು ಹರಿಯುವ ಕಣಿಯ ನಡುವಿಗೆ ಬಿಟ್ಟರೆ ನೀರು ಮೊದಲು ಸುತ್ತಲೂ ಹರಡುತ್ತದೆ. ಒಂದು ಗೇಣು ಹೋಗುವಷ್ಟರಲ್ಲಿ ಎರಡೂ ಬದಿಯ ಮಣ್ಣಿನ ಬರೆ ತಾಗುತ್ತದೆ. ಆಮೇಲೆ ಅದಕ್ಕೆ ಉದ್ದಕ್ಕೆ ಹೋಗುವುದೊಂದೇ ದಾರಿ. ಒಣ ಎಲೆಯ ಚೂರೊಂದನ್ನು ಹಾಕಿ ನೋಡಿದರೆ ಚೆನ್ನಾಗಿ ಕಾಣುತ್ತದೆ: ಪೈಪಿನ ಬುಡದಲ್ಲಿ ರಭಸ, ಬರೆ ಮುಟ್ಟುವ ತನಕ ಒಂದೊಂದು ಬೆರಳಿಗೂ ವೇಗ ಇಳಿಯುತ್ತದೆ, ಬರೆ ಮುಟ್ಟಿದ ಮೇಲೆ ಕಣಿಯ ಉದ್ದಕ್ಕೂ ಹೆಚ್ಚು ಕಡಿಮೆ ಒಂದೇ ನಡೆ. ತೋಟದ ಆಚೆ ತುದಿಯಲ್ಲಿ ನಿಂತವರಿಗೆ ಕಣಿಯೆಂದರೆ ಬರೀ ಒಂದು ಗೆರೆ. ಆ ಗೆರೆಗೆ ಅಗಲವೂ ಇದೆ ಎಂದು ನೀರಿನ ನಡೆಯನ್ನು ಮಾತ್ರ ನೋಡಿ ಹೇಳಬೇಕಾದರೆ, ಪೈಪಿನ ಬಾಯಿಗೆ ಕಣಿಯ ಅಗಲಕ್ಕಿಂತಲೂ ಹತ್ತಿರ ಹೋಗಿ ಕುಕ್ಕರಗಾಲಿನಲ್ಲಿ ಕುಳಿತುಕೊಳ್ಳಬೇಕು.

ಈ ಲೇಖನಕ್ಕೆ ಬೇಕಾದ ಭೌತವಿಜ್ಞಾನದಲ್ಲಿ ಮುಕ್ಕಾಲು ಪಾಲು ಇಷ್ಟೇ. (ನಮ್ಮ ಕಡೆ ವಿಷುವಿನ ಬೆಳಗ್ಗೆ ಕಣ್ಣು ಬಿಟ್ಟ ಕೂಡಲೇ ಕಾಣುವುದಕ್ಕೂ ಕಣಿ ಎಂದೇ ಹೆಸರು. ಕಾಣದ ವಸ್ತುಗಳ ಬಗ್ಗೆ ಬರೆಯುವಾಗ ಆ ಪದ ನೆನಪಾಯಿತು, ಅಷ್ಟೆ.)

ಪ್ಲಸ್ ಟು ಓದುತ್ತಿರುವ ನನ್ನ ತಂಗಿಯ ಮೊಮ್ಮಗ ಪೆರ್ಲದಿಂದ ಬಂದಿದ್ದ. ಬಂದವನೇ ಮೊಬೈಲನ್ನು ನನ್ನ ಮುಖಕ್ಕೆ ಹಿಡಿದು, "ಅಜ್ಜ, ಐದನೇ ಆಯಾಮ ಸಿಕ್ಕಿತಂತೆ, ನೋಡಿ" ಎಂದ. ಯಾರೋ ಎಲ್ಲಿಂದಲೋ ಕಳುಹಿಸಿದ ಸಂದೇಶ. ನೇರಳೆ ಬಣ್ಣದ ಸುಳಿಯೊಂದರ ಚಿತ್ರ, ಅದರ ಮೇಲೆ ದಪ್ಪಕ್ಷರದಲ್ಲಿ ವಿಜ್ಞಾನಿಗಳು ಬೆರಗಾದ ಸುದ್ದಿ. "ಸಿಕ್ಕಿಲ್ಲ ಮಾರಾಯ" ಎಂದೆ. ಅವನ ಮುಖ ಬಾಡಿತು.

ಸಿಕ್ಕಿಲ್ಲ ಎಂದು ಕೈತೊಳೆದುಕೊಳ್ಳುವ ವಿಷಯವೂ ಇದಲ್ಲ. ವಿಶ್ವದ ಬಗ್ಗೆ ನಮಗಿರುವ ಎರಡು ದೊಡ್ಡ ಅಜ್ಞಾನಗಳು ಒಂದೇ ಬೇರಿನಿಂದ ಹುಟ್ಟಿರಬಹುದು, ಆ ಬೇರು ಕೂದಲಿನ ದಪ್ಪಕ್ಕಿಂತ ಕಿರಿದಾದ ಐದನೇ ಆಯಾಮ ಎಂಬ ವಾದವೊಂದು 2022ರಿಂದ ಗಂಭೀರವಾಗಿ ಚರ್ಚೆಯಾಗುತ್ತಿದೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಇದು ನಿಜವಾಗಲಿಕ್ಕಿಲ್ಲ ಎಂಬ ಕಡೆಗೇ ನನ್ನ ತಕ್ಕಡಿ ವಾಲುತ್ತದೆ. ಆದರೂ ಸ್ಟ್ರಿಂಗ್ ಸಿದ್ಧಾಂತದ (ಕಣಗಳೆಲ್ಲ ಅತಿ ಸೂಕ್ಷ್ಮ ತಂತುಗಳ ಕಂಪನ ಎನ್ನುವ ವಾದ) ಕಡೆಯಿಂದ ಇಷ್ಟು ವರ್ಷಗಳಲ್ಲಿ ಬಂದ ಮಾತುಗಳಲ್ಲಿ ನನಗೆ ಹೆಚ್ಚು ಗೌರವ ಇರುವುದು ಇದರ ಮೇಲೆ. ತಾನು ಸುಳ್ಳಾದರೆ ಎಲ್ಲಿ ಸಿಕ್ಕಿಬೀಳುತ್ತೇನೆ ಎಂಬ ಜಾಗವನ್ನು ಅದು ತಾನಾಗಿಯೇ ಬೆರಳಿಟ್ಟು ತೋರಿಸಿದೆ.

ಮೊದಲು ಆ ಎರಡು ಅಜ್ಞಾನಗಳು. 1933ರಲ್ಲಿ ಫ್ರಿಟ್ಜ್ ಜ್ವಿಕಿ ಕೋಮಾ ಗುಚ್ಛದ ಗ್ಯಾಲಕ್ಸಿಗಳ ವೇಗವನ್ನು ಅಳೆದು, ಕಣ್ಣಿಗೆ ಕಾಣುವ ದ್ರವ್ಯದ ಸೆಳೆತದಿಂದ ಮಾತ್ರ ಇವು ಒಟ್ಟಿಗೆ ನಿಲ್ಲುವುದು ಸಾಧ್ಯವಿಲ್ಲ ಎಂದರು. 1970ರ ಹೊತ್ತಿಗೆ ವೆರಾ ರೂಬಿನ್ ಮತ್ತು ಕೆಂಟ್ ಫೋರ್ಡ್ ಆಂಡ್ರೊಮಿಡಾ ಗ್ಯಾಲಕ್ಸಿಯ ಸುತ್ತಾಟವನ್ನು ಅಳೆದರು. ಅಂಚಿನ ಕಡೆ ವೇಗ ಇಳಿಯಬೇಕಿತ್ತು, ಇಳಿಯಲಿಲ್ಲ. ಹಾಗಾದರೆ ಸೆಳೆಯುವ ಬೇರೇನೋ ಅಲ್ಲಿದೆ. ಇದು ಕಪ್ಪು ದ್ರವ್ಯ. ಇನ್ನೊಂದು 1998ರದ್ದು. ದೂರದಲ್ಲಿ ಸಿಡಿಯುವ ತಾರೆಗಳಾದ ಸೂಪರ್‌ನೋವಾಗಳನ್ನು ಅಳೆದ ಎರಡು ತಂಡಗಳು, ವಿಶ್ವ ಹಿಗ್ಗುವ ವೇಗ ಕಡಿಮೆಯಾಗುವ ಬದಲು ಹೆಚ್ಚುತ್ತಿದೆ ಎಂದು ಕಂಡುಕೊಂಡವು. ಪರ್ಲ್‌ಮಟರ್, ಶ್ಮಿಟ್, ರೀಸ್ ಮೂವರಿಗೂ ಇದಕ್ಕಾಗಿ 2011ರ ನೊಬೆಲ್ ಬಂತು. ಹೀಗೆ ತಳ್ಳುತ್ತಿರುವುದಕ್ಕೆ ಕಪ್ಪು ಶಕ್ತಿ ಎಂದು ಹೆಸರು. ಪ್ಲಾಂಕ್ ಉಪಗ್ರಹದ ಲೆಕ್ಕದಲ್ಲಿ ನಾವು, ನಮ್ಮ ತೋಟ, ಸೂರ್ಯ, ನಕ್ಷತ್ರ ಎಲ್ಲ ಸೇರಿ ಶೇಕಡಾ 5. ಕಪ್ಪು ದ್ರವ್ಯ ಸುಮಾರು ಶೇಕಡಾ 27. ಉಳಿದ 68 ಕಪ್ಪು ಶಕ್ತಿ.

'ಕಪ್ಪು' ಎಂಬ ಅನುವಾದದ ಮೇಲೆ ನನಗೆ ಹಳೆಯ ತಕರಾರು ಇದೆ. ಕಪ್ಪಾದದ್ದು ಬೆಳಕನ್ನು ನುಂಗುತ್ತದೆ, ಆದ್ದರಿಂದ ಕಾಣುತ್ತದೆ. ಬಿಳಿ ಗೋಡೆಯ ಮೇಲಿನ ಮಸಿ ಕಂಡ ಹಾಗೆ. ಈ ದ್ರವ್ಯ ಬೆಳಕನ್ನು ನುಂಗುವುದೂ ಇಲ್ಲ, ಉಗುಳುವುದೂ ಇಲ್ಲ, ಮಾತನಾಡಿಸುವುದೇ ಇಲ್ಲ. ಕಾಣದ ದ್ರವ್ಯ ಎಂದಿದ್ದರೆ ಸರಿಯಾಗುತ್ತಿತ್ತು, ಕಪ್ಪುಕುಳಿಯ ಜೊತೆ ಗೊಂದಲವೂ ಆಗುತ್ತಿರಲಿಲ್ಲ. ಆದರೆ ಪತ್ರಿಕೆಗಳಲ್ಲಿ ಕಪ್ಪು ಎಂದೇ ಬೇರೂರಿಬಿಟ್ಟಿದೆ. ನಾನೂ ಹಾಗೆಯೇ ಬರೆಯುತ್ತೇನೆ.

ಕಾಣದೆ ಇರುವುದು ಮತ್ತು ಇದ್ದೇನೆಂದು ತಿಳಿಸುವುದು ಎರಡೂ ಒಟ್ಟಿಗೆ ಹೇಗೆ ಎಂದು ಕೇಳುವವರಿಗೆ ಕಾಸರಗೋಡಿನಲ್ಲಿ ಹೆಚ್ಚು ವಿವರಿಸಬೇಕಾಗಿಲ್ಲ. ಯಕ್ಷಗಾನದ ಆಟದಲ್ಲಿ ಬಣ್ಣದ ವೇಷ ತೆರೆಯ ಹಿಂದಿನಿಂದ ಪ್ರವೇಶಿಸುವ ತೆರೆ ಪೊರಪ್ಪಾಡನ್ನು ನೆನಪಿಸಿಕೊಂಡರೆ ಸಾಕು. ಇಬ್ಬರು ತೆರೆ ಹಿಡಿದಿರುತ್ತಾರೆ. ಒಳಗಿರುವವನು ನಮಗೆ ಕಾಣುವುದಿಲ್ಲ. ಕಿರೀಟದ ತುದಿ ಒಮ್ಮೆ, ತೆರೆಯ ಅಂಚು ಹಿಡಿದ ಬೆರಳು ಒಮ್ಮೆ, ಅಷ್ಟೇ. ಆದರೆ ಆರ್ಭಟೆ ಸಭೆಯ ಕೊನೆಯ ಸಾಲಿನವರೆಗೂ ಕೇಳುತ್ತದೆ. ಬಟ್ಟೆಯ ತೆರೆ ಬೆಳಕನ್ನು ತಡೆಯುತ್ತದೆ, ಸದ್ದನ್ನು ತಡೆಯುವುದಿಲ್ಲ. ಈಗ ಬೆಳಕಿನ ಜಾಗದಲ್ಲಿ ವಿದ್ಯುತ್ಕಾಂತ ಬಲವನ್ನೂ ಸದ್ದಿನ ಜಾಗದಲ್ಲಿ ಗುರುತ್ವವನ್ನೂ ಇಡಿ. ಹೆಚ್ಚುವರಿ ಆಯಾಮದ ವಾದದ ಹೊರಚೌಕಟ್ಟು ಅಷ್ಟರಲ್ಲಿ ಬಂದುಬಿಡುತ್ತದೆ: ನಾವು, ನಮ್ಮ ಪರಮಾಣುಗಳು, ನಮ್ಮ ಬೆಳಕು ಎಲ್ಲ ಒಂದು ಪದರಕ್ಕೆ ಅಂಟಿಕೊಂಡಿವೆ, ಗುರುತ್ವಕ್ಕೆ ಮಾತ್ರ ಪದರ ದಾಟಲು ಅನುಮತಿ ಇದೆ.

ಇಲ್ಲಿ ಆಯಾಮ ಎಂಬ ಪದವನ್ನು ಸ್ವಲ್ಪ ತೊಳೆದು ಒಣಗಿಸಬೇಕು. ನಮ್ಮ ಸಭೆಗಳಲ್ಲಿ ಸ್ವಾಗತ ಭಾಷಣದಿಂದ ಹಿಡಿದು ಧನ್ಯವಾದದ ತನಕ ಪ್ರತಿಯೊಬ್ಬರೂ ವಿಷಯಕ್ಕೆ ಒಂದೊಂದು ಹೊಸ ಆಯಾಮ ಕೊಟ್ಟೇ ಕೆಳಗಿಳಿಯುತ್ತಾರೆ. ಆ ಲೆಕ್ಕದಲ್ಲಿ ಬದಿಯಡ್ಕ, ಕುಂಬಳೆ, ಮಂಜೇಶ್ವರದ ವೇದಿಕೆಗಳಲ್ಲಿ ಇಷ್ಟರೊಳಗೆ ಸಾವಿರ ಆಯಾಮ ಪತ್ತೆಯಾಗಿರಬೇಕು. ಭೌತವಿಜ್ಞಾನದಲ್ಲಿ ಆಯಾಮವೆಂದರೆ ಚಲಿಸಬಹುದಾದ ಒಂದು ಸ್ವತಂತ್ರ ದಿಕ್ಕು. ಉದ್ದ, ಅಗಲ, ಎತ್ತರ ಮೂರು; ಕಾಲವನ್ನು ಸೇರಿಸಿದರೆ ನಾಲ್ಕು. ಐದನೆಯದು ಎಂದರೆ ಇನ್ನೊಂದು ಲೋಕವಲ್ಲ, ದೆವ್ವಗಳ ವಾಸಸ್ಥಾನವೂ ಅಲ್ಲ. ನಾವು ನಿಂತಲ್ಲೇ ಇರುವ, ನಮಗೆ ಕಾಲಿಡಲು ಬಾರದ ಮತ್ತೊಂದು ದಿಕ್ಕು.

ಹೀಗೊಂದು ದಿಕ್ಕು ಇದ್ದರೆ ಕಾಣುವುದಿಲ್ಲವೇಕೆ? ಆಚೆ ಗುಡ್ಡೆಯಿಂದ ನೋಡಿದರೆ ಅಡಿಕೆ ಮರ ಒಂದು ಗೀಟು. ಮೇಲೆ, ಕೆಳಗೆ ಎಂಬ ಒಂದೇ ದಿಕ್ಕು ಅದಕ್ಕಿರುವಂತೆ ಕಾಣುತ್ತದೆ. ಆದರೆ ಕೊನೆ ತೆಗೆಯಲು ಮರಕ್ಕೆ ಹತ್ತಿದವನಿಗೆ ಗೊತ್ತು, ಕೆಂಪಿರುವೆಗಳು ಮೇಲೆ ಕೆಳಗೆ ಮಾತ್ರವಲ್ಲ, ಮರದ ಸುತ್ತಲೂ ಓಡುತ್ತವೆ. ಸುತ್ತಿಕೊಂಡ ಆ ದಿಕ್ಕು ಗುಡ್ಡೆಯ ದೂರದಿಂದ ಮಾಯ. 1919ರಲ್ಲಿ ಕೋನಿಗ್ಸ್‌ಬರ್ಗಿನ ಥಿಯೊಡೊರ್ ಕಲೂಜಾ ಐನ್‌ಸ್ಟೈನರಿಗೆ ಒಂದು ಪ್ರಬಂಧ ಕಳುಹಿಸಿದರು: ಐನ್‌ಸ್ಟೈನರ ಗುರುತ್ವ ಸಮೀಕರಣಗಳನ್ನು ಐದು ಆಯಾಮಗಳಲ್ಲಿ ಬರೆದರೆ ಗುರುತ್ವದ ಜೊತೆಗೆ ವಿದ್ಯುತ್ಕಾಂತ ಬಲದ ಸಮೀಕರಣಗಳೂ ತಾವಾಗಿ ಹೊರಬೀಳುತ್ತವೆ. ಐನ್‌ಸ್ಟೈನರು ಎರಡು ವರ್ಷ ಅಳೆದು ಸುರಿದು, 1921ರಲ್ಲಿ ಪ್ರಕಟಣೆಗೆ ಕೊಟ್ಟರು. ಆ ಐದನೆಯದು ಸಣ್ಣ ಸುರುಳಿಯಾಗಿ ಸುತ್ತಿಕೊಂಡಿದೆ ಎಂದು 1926ರಲ್ಲಿ ಆಸ್ಕರ್ ಕ್ಲೈನ್ ಸೇರಿಸಿದರು. ಕ್ಲೈನರ ಸುರುಳಿ ಎಷ್ಟು ಸಣ್ಣದೆಂದರೆ ಅದರ ಮುಂದೆ ಪರಮಾಣುವಿನ ಬೀಜವೇ ಒಂದು ಗುಡ್ಡೆ. ಅಳೆಯುವ ಮಾತೇ ಇಲ್ಲ. ಆಮೇಲೆ ಬಂದ ಸ್ಟ್ರಿಂಗ್ ಸಿದ್ಧಾಂತಕ್ಕೆ ಆರೇಳು ಹೆಚ್ಚುವರಿ ಆಯಾಮಗಳು ಬೇಕಾದವು. ಅವನ್ನೂ ಅದೇ ಅಟ್ಟದ ಮೇಲೆ, ಯಾರ ಕೈಗೂ ಎಟುಕದಲ್ಲಿ ಇಟ್ಟರು.

ಅಟ್ಟದಿಂದ ಕೆಳಗಿಳಿಸಿದ್ದು 1998ರಲ್ಲಿ. ನಿಮಾ ಅರ್ಕಾನಿ-ಹಮೆದ್, ಸಾವಾಸ್ ಡಿಮೊಪೌಲೊಸ್, ಗಿಯಾ ದ್ವಾಲಿ ಎಂಬ ಮೂವರು ಒಂದು ಸರಳ ಪ್ರಶ್ನೆ ಕೇಳಿದರು. ಗುರುತ್ವವನ್ನು ನಾವು ನಿಜವಾಗಿ ಎಷ್ಟು ಹತ್ತಿರದಿಂದ ಅಳೆದಿದ್ದೇವೆ? ಬೇರೆ ಬಲಗಳನ್ನು ಪರಮಾಣು ಬೀಜಕ್ಕಿಂತ ಸಾವಿರ ಪಟ್ಟು ಸಣ್ಣ ದೂರದವರೆಗೆ ಅಳೆದದ್ದಾಗಿದೆ. ಗುರುತ್ವ? ಆಗ ಮಿಲಿಮೀಟರಿನ ಆಸುಪಾಸು, ಅಷ್ಟೇ. ಹಾಗಾದರೆ ಗುರುತ್ವ ಮಾತ್ರ ಹೋಗಬಲ್ಲ ಆಯಾಮವೊಂದು ಸುಮಾರು ಮಿಲಿಮೀಟರಿನಷ್ಟು ದೊಡ್ಡದಿದ್ದರೂ ನಮಗೆ ಗೊತ್ತಾಗುತ್ತಿರಲಿಲ್ಲ! ಸಣ್ಣ ಅಯಸ್ಕಾಂತವೊಂದು ಇಡೀ ಭೂಮಿಯ ಸೆಳೆತವನ್ನು ಮೀರಿ ಮೊಳೆಯನ್ನು ಎತ್ತುವಷ್ಟು ಗುರುತ್ವ ದುರ್ಬಲವಾಗಿರುವುದೇಕೆ ಎಂಬುದಕ್ಕೂ ಇಲ್ಲಿ ಉತ್ತರ ಸಿಗುತ್ತದೆ. ಅದರ ಬಹುಪಾಲು ಆಚೆಯ ದಿಕ್ಕಿಗೆ ಹರಡಿ ತೆಳುವಾಗಿದೆ.

ಈಗ ಕಣಿಗೆ ಮರಳಬಹುದು. ಒಂದೇ ದಿಕ್ಕಿಗೆ ಹರಿಯುವ ಕಣಿಯ ನೀರು ದೂರ ಹೋದರೂ ತೆಳುವಾಗುವುದಿಲ್ಲ. ಗದ್ದೆಗೆ ಬಿಟ್ಟರೆ ಎರಡು ದಿಕ್ಕಿಗೆ ಹರಡುತ್ತದೆ. ದೂರ ಇಮ್ಮಡಿಯಾದರೆ ಹರಿವು ಅರ್ಧ. ಮೂರು ದಿಕ್ಕಿಗೂ ಹರಡುವ ಗುರುತ್ವ, ಬೆಳಕು ಇಂಥವಕ್ಕೆ ದೂರ ಇಮ್ಮಡಿಯಾದರೆ ಬಲ ಕಾಲುಭಾಗ. ನ್ಯೂಟನ್ನರ ವಿಲೋಮ ವರ್ಗ ನಿಯಮ ಇದೇ. ಕಾಲವನ್ನು ಬಿಟ್ಟು ನಾಲ್ಕನೆಯ ದಿಕ್ಕೂ ಇದ್ದರೆ ಇಮ್ಮಡಿ ದೂರಕ್ಕೆ ಎಂಟನೇ ಒಂದು ಭಾಗ. ಆ ನಾಲ್ಕನೆಯ ದಿಕ್ಕು ಸಣ್ಣದಾಗಿದ್ದರೆ, ಪೈಪಿನ ಬಾಯಿಯ ಹತ್ತಿರದ ಹಾಗೆ, ಅದರ ಅಗಲಕ್ಕಿಂತ ಕಡಿಮೆ ದೂರದಲ್ಲಿ ಮಾತ್ರ ಈ ವ್ಯತ್ಯಾಸ ಕಾಣುತ್ತದೆ. ಹತ್ತಿರ ಹತ್ತಿರ ಹೋದಂತೆ ಗುರುತ್ವ ನ್ಯೂಟನ್ ಹೇಳಿದ್ದಕ್ಕಿಂತ ಜೋರಾಗಿ ಏರಬೇಕು. ಹಾಗಾದರೆ ಎರಡು ವಸ್ತುಗಳನ್ನು ಹತ್ತಿರ ಇಟ್ಟು ಅಳೆಯುವುದೊಂದೇ ಕೆಲಸ.

ಆ ಒಂದೇ ಕೆಲಸಕ್ಕೆ ಅಮೆರಿಕದ ಸಿಯಾಟಲಿನಲ್ಲಿ, ವಾಷಿಂಗ್ಟನ್ ವಿಶ್ವವಿದ್ಯಾಲಯದ ತಂಡವೊಂದು ದಶಕಗಳನ್ನೇ ಕೊಟ್ಟಿದೆ. ಅವರ ಉಪಕರಣ ನೋಡಲು ಸರಳ. ತೆಳುವಾದ ಟಂಗ್‌ಸ್ಟನ್ ಎಳೆಯಿಂದ ತೂಗುಬಿಟ್ಟ ಒಂದು ಲೋಹದ ಬಿಲ್ಲೆ, ಅದರಲ್ಲಿ ವೃತ್ತಾಕಾರವಾಗಿ ಕೊರೆದ ತೂತುಗಳು. ಅದರ ಕೆಳಗೆ, ಮುಟ್ಟಿತೋ ಎಂಬಷ್ಟು ಹತ್ತಿರ, ಅಂಥದ್ದೇ ತೂತುಗಳಿರುವ ಇನ್ನೊಂದು ಬಿಲ್ಲೆ ನಿಧಾನ ತಿರುಗುತ್ತಿರುತ್ತದೆ. ಕೆಳಗಿನ ತೂತುಗಳು ಮೇಲಿನವುಗಳ ಎದುರಿಗೆ ಬಂದು ಹೋಗುವಾಗ ಗುರುತ್ವದ ಸೆಳೆತ ಒಂದಿಷ್ಟು ಏರಿಳಿದು, ಮೇಲಿನ ಬಿಲ್ಲೆ ಎಳೆಯನ್ನು ತಿರುಚುತ್ತದೆ. ಆ ತಿರುಚನ್ನು ಬೆಳಕಿನ ಕಿರಣದಿಂದ ಅಳೆಯುತ್ತಾರೆ. ಹದಿನೆಂಟನೇ ಶತಮಾನದ ಕೊನೆಗೆ ಕ್ಯಾವೆಂಡಿಶ್ ಮಾಡಿದ ಪ್ರಯೋಗದ ಮರಿಮೊಮ್ಮಗು ಎನ್ನಬಹುದು.

ಕಷ್ಟ ಇರುವುದು ಬೇರೆ ಬಲಗಳನ್ನು ಹೊರಗಿಡುವುದರಲ್ಲಿ. ಲೋಹದ ಮೇಲ್ಮೈಯಲ್ಲಿ ಉಳಿದ ಚೂರುಪಾರು ವಿದ್ಯುತ್ತಿನ ಬಲವೇ ಗುರುತ್ವವನ್ನು ನುಂಗಿಹಾಕುತ್ತದೆ. ಒಂದು ಧೂಳಿನ ಕಣ ಸಿಕ್ಕಿಕೊಂಡರೆ ಅಷ್ಟು ದಿನದ ಕೆಲಸ ವ್ಯರ್ಥ. ಮಳೆ ಬಂದು ಹೊರಗಿನ ಮಣ್ಣು ತೂಕ ಪಡೆದರೆ ಅದೂ ಸೆಳೆಯುತ್ತದೆ. ಆ ವಿದ್ಯುತ್ತನ್ನು ತಡೆಯಲು ಎರಡು ಬಿಲ್ಲೆಗಳ ನಡುವೆ, ಚೆಂಡೆಗೆ ಚರ್ಮ ಬಿಗಿದ ಹಾಗೆ, ಬೆರಿಲಿಯಂ ಬೆರೆಸಿದ ತಾಮ್ರದ ತಗಡೊಂದನ್ನು ಬಿಗಿಯಾಗಿ ಎಳೆದು ಕಟ್ಟಿರುತ್ತಾರೆ. ವಿದ್ಯುತ್ ಬಲ ಅಲ್ಲಿಗೇ ನಿಲ್ಲುತ್ತದೆ, ಗುರುತ್ವ ದಾಟುತ್ತದೆ. ಮತ್ತೆ ಅದೇ ತೆರೆ! ಈ ತಗಡಿನ ದಪ್ಪ 10 ಮೈಕ್ರಾನ್. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ; ನಮ್ಮ ತಲೆಕೂದಲು ಸುಮಾರು 70 ಮೈಕ್ರಾನ್, ರಕ್ತದ ಕೆಂಪುಕಣ ಏಳೆಂಟು. 2007ರಲ್ಲಿ ಈ ತಂಡ ಬಿಲ್ಲೆಗಳನ್ನು 55 ಮೈಕ್ರಾನಿನಷ್ಟು ಹತ್ತಿರ ತಂದಿತು. 2020ರಲ್ಲಿ 52. ಎರಡು ಸಲವೂ ನ್ಯೂಟನ್ನರೇ ಗೆದ್ದರು. ಆ ಅಳತೆಯ ಸೂಕ್ಷ್ಮತೆಯ ಪ್ರಕಾರ, ಹೆಚ್ಚುವರಿ ಆಯಾಮವೊಂದು ಇದ್ದರೆ ಅದರ ಅಳತೆ 30 ಮೈಕ್ರಾನಿಗಿಂತ ಕಡಿಮೆ. ಹದಿಮೂರು ವರ್ಷಗಳ ದುಡಿಮೆಯಲ್ಲಿ ಕಡಿಮೆಯಾದದ್ದು ಮೂರು ಮೈಕ್ರಾನ್ ದೂರ ಎಂಬುದನ್ನು ಓದಿದಾಗ ನನಗೆ ಸುರಂಗ ಕೊರೆಯುವವರ ನೆನಪಾಯಿತು. ಬಾಯಾರು, ಪೈವಳಿಕೆ ಕಡೆ ನೀರಿಗಾಗಿ ಮುರಕಲ್ಲಿನ ಗುಡ್ಡೆಗೆ ಅಡ್ಡವಾಗಿ ಕೊರೆಯುತ್ತಾ ಹೋಗುವವರು ದಿನಕ್ಕೆ ಎಷ್ಟು ದೂರ ಹೋದೆವು ಎಂದು ಯಾರೊಂದಿಗೂ ಹೇಳಿಕೊಳ್ಳುವುದಿಲ್ಲ. ಕಲ್ಲು ತೇವವಾಯಿತೇ ಎಂದು ಕೈಯಿಟ್ಟು ನೋಡುತ್ತಾರೆ.

ಸುರಂಗದ ಮಾತು ಬಂದದ್ದರಿಂದ, ಸೋತುಹೋದ ಒಂದು ವಾದವನ್ನೂ ಹೇಳಿ ಮುಂದೆ ಹೋಗುತ್ತೇನೆ. 2000ದಲ್ಲಿ ದ್ವಾಲಿ, ಗಬದಾಜೆ, ಪೊರಾಟಿ ಎಂಬವರು ಹೆಚ್ಚುವರಿ ಆಯಾಮ ಸಣ್ಣದಲ್ಲ, ಅನಂತವಾಗಿದೆ ಎಂದರು. ಗುಡ್ಡೆಯ ಮೇಲೆ ಬಿದ್ದ ಮಳೆನೀರು ಹರಿಯುತ್ತಾ ಹೋದಂತೆ ಇಂಗಿ ಸುರಂಗದೊಳಗೆ ಒಸರುವ ಹಾಗೆ, ಗುರುತ್ವವೂ ಅತಿ ದೂರ ಸಾಗುವಾಗ ಆಚೆಗೆ ಸೋರಿಹೋಗುತ್ತದೆ; ದೂರದಲ್ಲಿ ಸೆಳೆತ ಸಡಿಲವಾದದ್ದರಿಂದ ವಿಶ್ವ ವೇಗವಾಗಿ ಹಿಗ್ಗುತ್ತಿದೆ, ಕಪ್ಪು ಶಕ್ತಿ ಎಂಬುದೇ ಬೇಡ! ಚಂದದ ವಾದ. ಆದರೆ ಅದರ ಗಣಿತದಲ್ಲೇ ಅಸ್ಥಿರತೆ ಕಾಣಿಸಿಕೊಂಡಿತು, ಆಕಾಶದ ಅಳತೆಗಳಿಗೂ ಹೊಂದಲಿಲ್ಲ. 2017ರ ಆಗಸ್ಟ್ 17ರಂದು ಸುಮಾರು 13 ಕೋಟಿ ಬೆಳಕಿನ ವರ್ಷ ದೂರದಲ್ಲಿ ಡಿಕ್ಕಿಹೊಡೆದ ಎರಡು ನ್ಯೂಟ್ರಾನ್ ತಾರೆಗಳಿಂದ ಗುರುತ್ವದ ಅಲೆಯೂ ಬೆಳಕೂ ಎರಡೂ ನಮಗೆ ತಲುಪಿದವು. ದಾರಿಯಲ್ಲಿ ಸೋರಿಕೆ ಇದ್ದರೆ ಅಲೆ ಲೆಕ್ಕಕ್ಕಿಂತ ಕ್ಷೀಣವಾಗಿ ಬರಬೇಕಿತ್ತು. ಹಾಗೆ ಬರಲಿಲ್ಲ. ಅಷ್ಟು ದೂರದ ಮಟ್ಟಿಗೆ ನಮ್ಮ ಗುಡ್ಡೆ ಒಸರುವುದಿಲ್ಲ.

ಈಗ 2022ರ ವಾದ. ಮಿಗೆಲ್ ಮೊಂಟೆರೊ, ಕುಮ್ರುನ್ ವಫಾ, ಐರೀನ್ ವಲೆನ್ಸುಯೆಲಾ ಇದಕ್ಕೆ 'ಕಪ್ಪು ಆಯಾಮ' ಎಂದು ಹೆಸರಿಟ್ಟರು. ಅವರು ಹೊರಟದ್ದು ಕಪ್ಪು ಶಕ್ತಿ ಎಷ್ಟು ಕಡಿಮೆ ಇದೆ ಎಂಬುದರಿಂದ. ಒಟ್ಟು ಲೆಕ್ಕದಲ್ಲಿ ಶೇಕಡಾ 68 ಎಂದರೆ ಬಹಳ ಎನಿಸುತ್ತದೆ. ಆದರೆ ಅದು ಎಲ್ಲೆಡೆ ತೆಳುವಾಗಿ ಹರಡಿದೆ. ಒಂದು ಘನ ಮೀಟರ್ ಜಾಗದಲ್ಲಿರುವುದು ಮೂರು ನಾಲ್ಕು ಹೈಡ್ರೋಜನ್ ಪರಮಾಣುಗಳ ತೂಕಕ್ಕೆ ಸಮನಾದಷ್ಟು. ಗುರುತ್ವದ ಸಹಜ ಮಾನದಲ್ಲಿ ಬರೆದರೆ, ದಶಾಂಶ ಬಿಂದುವಿನ ನಂತರ 121 ಸೊನ್ನೆ ಹಾಕಿ ಆಮೇಲೆ ಒಂದು ಬರೆಯಬೇಕು. ಸ್ಟ್ರಿಂಗ್ ಸಿದ್ಧಾಂತದ ಲೆಕ್ಕಗಳಲ್ಲಿ ಮತ್ತೆ ಮತ್ತೆ ಕಂಡುಬಂದ ಒಂದು ವರ್ತನೆ ಇದೆ. ಯಾವುದಾದರೂ ಪರಿಮಾಣ ಹೀಗೆ ವಿಪರೀತ ಸಣ್ಣದಾದರೆ, ಅದರ ಬೆನ್ನಿಗೇ ಹಗುರವಾದ ಕಣಗಳ ಒಂದು ಸಾಲು, ಏಣಿಯ ಮೆಟ್ಟಿಲುಗಳ ಹಾಗೆ, ಬಂದೇ ಬರುತ್ತದೆ. ಇಂಥ ಏಣಿ ಬರುವ ಮುಖ್ಯ ದಾರಿ ಎಂದರೆ ಒಂದು ಆಯಾಮ ದೊಡ್ಡದಾಗುವುದು. ಕಪ್ಪು ಶಕ್ತಿಯ ಸಾಂದ್ರತೆಯಿಂದ ಒಂದು ಉದ್ದವನ್ನು ಹೊರಡಿಸಿದರೆ ಅದು ಸುಮಾರು 85 ಮೈಕ್ರಾನ್ ಆಗುತ್ತದೆ. ಅದರ ಹತ್ತಿರದಲ್ಲಿ, ಆದರೆ ಅದಕ್ಕಿಂತ ಕೆಳಗೆ, 0.1ರಿಂದ 10 ಮೈಕ್ರಾನಿನ ನಡುವೆ ಎಲ್ಲೋ ಒಂದೇ ಒಂದು ಆಯಾಮ ಇರಬೇಕು ಎಂಬುದು ಅವರ ತೀರ್ಮಾನ. ಎರಡು ಯಾಕಿಲ್ಲ? ಅಷ್ಟು ದೊಡ್ಡವು ಎರಡಿದ್ದರೆ ನ್ಯೂಟ್ರಾನ್ ತಾರೆಗಳು ಈಗ ಕಾಣುವುದಕ್ಕಿಂತ ಬಿಸಿಯಾಗಿರಬೇಕಿತ್ತು. ಉಳಿದ ಆಯಾಮಗಳು ಮೊದಲಿನಂತೆ ಅಟ್ಟದ ಮೇಲೆಯೇ.

ಕಪ್ಪು ದ್ರವ್ಯ ಇಲ್ಲಿಗೆ ಬರುವ ರೀತಿ ನನಗೆ ಬಹಳ ಇಷ್ಟ. ಅಡಿಕೆ ಮರದ ಇರುವೆ ಮೇಲೂ ಹೋಗದೆ ಕೆಳಗೂ ಬಾರದೆ ಮರವನ್ನು ಸುತ್ತುತ್ತಲೇ ಇದೆ ಎಂದುಕೊಳ್ಳೋಣ. ಆಚೆ ಗುಡ್ಡೆಯವನಿಗೆ ಅದು ಒಂದೇ ಕಡೆ ನಿಂತ ಚುಕ್ಕಿ. ಆದರೆ ಅದರಲ್ಲಿ ಓಟದ ಶಕ್ತಿ ಇದೆ. ನಿಂತಲ್ಲೇ ಇರುವ ವಸ್ತುವಿನಲ್ಲಿ ಶಕ್ತಿ ಇದ್ದರೆ ಐನ್‌ಸ್ಟೈನರ ಪ್ರಕಾರ ಅದಕ್ಕೆ ನಾವು ಕೊಡುವ ಹೆಸರು ದ್ರವ್ಯರಾಶಿ. ಗುರುತ್ವದ ಕಣವಾದ ಗ್ರಾವಿಟಾನಿಗೆ ನಮ್ಮ ಪದರದಲ್ಲಿ ದ್ರವ್ಯರಾಶಿ ಇಲ್ಲ. ಐದನೇ ದಿಕ್ಕಿನಲ್ಲಿ ಸುತ್ತುವ ಗ್ರಾವಿಟಾನಿಗೆ, ನಮ್ಮ ಕಣ್ಣಿಗೆ, ಇರುತ್ತದೆ. ಜೋರಾಗಿ ಸುತ್ತಿದಷ್ಟೂ ಭಾರ; ಏಣಿಯ ಮೆಟ್ಟಿಲುಗಳು ಇವೇ. ವಿಶ್ವ ಎಳೆಯದಾಗಿ ಬಿಸಿಯಾಗಿದ್ದಾಗ ನಮ್ಮ ಪದರದಿಂದ ಇಂಥ ಗ್ರಾವಿಟಾನುಗಳು ಆಚೆಗೆ ಸಿಡಿದವು, ಭಾರದವು ಒಡೆದು ಹಗುರವಾದವು, ಈಗ ಉಳಿದಿರುವವು ಎಲೆಕ್ಟ್ರಾನಿಗಿಂತಲೂ ಹಗುರ, ಕಪ್ಪು ದ್ರವ್ಯವೆಂದರೆ ಇವೇ ಎಂದು ಗೊನ್ಸಾಲೊ, ಮೊಂಟೆರೊ, ಒಬಿಯೆದ್, ವಫಾ ಅದೇ ವರ್ಷ ಬರೆದರು. ಗುರುತ್ವವೊಂದನ್ನು ಬಿಟ್ಟರೆ ಕಪ್ಪು ದ್ರವ್ಯ ಬೇರೆ ಯಾವುದಕ್ಕೂ ಓಗೊಡುವುದಿಲ್ಲ ಏಕೆ? ಈ ವಾದದಲ್ಲಿ ಪ್ರಶ್ನೆಯೇ ಏಳುವುದಿಲ್ಲ, ಅದು ಗುರುತ್ವವೇ. ಅಮೆರಿಕದ ದಕ್ಷಿಣ ಡಕೋಟಾದಲ್ಲಿ, ನೆಲದಡಿ ಒಂದೂವರೆ ಕಿಲೋಮೀಟರ್ ಆಳದ ಹಳೆಯ ಚಿನ್ನದ ಗಣಿಯಲ್ಲಿ ಹತ್ತು ಟನ್ ದ್ರವ ಕ್ಸೆನಾನ್ ತುಂಬಿ ಕಪ್ಪು ದ್ರವ್ಯಕ್ಕಾಗಿ ಕಾಯುತ್ತಿರುವ ಪ್ರಯೋಗಕ್ಕೆ ಇಷ್ಟು ವರ್ಷ ಏನೂ ಸಿಗದಿರುವುದಕ್ಕೂ ಇದರಲ್ಲಿ ಕಾರಣ ಇದೆ. ಚಿನ್ನದ ಗಣಿಯೆಂದರೆ ನಮಗೆ ಕೋಲಾರ ನೆನಪಾಗಬೇಕು. 1965ರಲ್ಲಿ ಅಲ್ಲಿನ ಆಳದಲ್ಲಿ ವಾತಾವರಣದ ನ್ಯೂಟ್ರಿನೊಗಳನ್ನು ಹಿಡಿದಾಗ ಅದು ಜಗತ್ತಿಗೇ ಮೊದಲ ಸಾಲಿನ ಸಾಧನೆಯಾಗಿತ್ತು. ಗಣಿಯನ್ನು ಮುಚ್ಚಿದೆವು, ಪ್ರಯೋಗಶಾಲೆಯೂ ಹೋಯಿತು.

ಇನ್ನು ಆಕ್ಷೇಪಗಳು. ಎಲ್ಲಕ್ಕಿಂತ ದೊಡ್ಡದು ಇದು: ಕಪ್ಪು ಶಕ್ತಿ ಇಷ್ಟು ಕಡಿಮೆ ಏಕೆ ಎಂಬ ಪ್ರಶ್ನೆಗೆ ಈ ವಾದ ಉತ್ತರ ಕೊಡುವುದಿಲ್ಲ. ಆ 121 ಸೊನ್ನೆಗಳನ್ನು ಅಳತೆಯಿಂದ ಎತ್ತಿಕೊಂಡು, ಅಲ್ಲಿಂದ ಆಯಾಮದ ಗಾತ್ರವನ್ನು ಹೊರಡಿಸುತ್ತದೆ. ಸಿಂಪಿಗ ಮೈಯಳತೆ ತೆಗೆದುಕೊಂಡು ಅಂಗಿ ಹೊಲಿದುಕೊಟ್ಟ ಮೇಲೆ, ಈ ಅಂಗಿಯಿಂದಲೇ ನೀವು ಇಷ್ಟು ಎತ್ತರ ಎಂದರೆ ಒಪ್ಪಬೇಕೆ? ಸುದ್ದಿಗಳಲ್ಲಿ 'ಕಪ್ಪು ಶಕ್ತಿಯ ರಹಸ್ಯ ಬಯಲು' ಎಂದು ಬರುವುದು ಇಲ್ಲಿ ಜಾರುತ್ತದೆ. ಬಯಲಾದದ್ದಲ್ಲ, ಎರಡು ರಹಸ್ಯಗಳನ್ನು ಒಂದಕ್ಕೊಂದು ಗಂಟು ಹಾಕಿದ್ದು. ಗಂಟು ಹಾಕುವುದೂ ಸಣ್ಣ ಕೆಲಸವಲ್ಲ, ಆದರೆ ಬೇರೆ ಕೆಲಸ. ಎರಡನೆಯದಾಗಿ, ಆ ಏಣಿ ಬಂದೇ ಬರುತ್ತದೆ ಎಂಬುದು ಹಲವು ಉದಾಹರಣೆಗಳಿಂದ ಮಾಡಿದ ಊಹೆ, ಪ್ರಮೇಯದಂತೆ ಸಾಧಿಸಿದ್ದಲ್ಲ. ಊಹೆ ಕುಸಿದರೆ ಆಯಾಮವೂ ಕುಸಿಯುತ್ತದೆ. ಮೂರನೆಯದು, ಸುರುಳಿ ಸುತ್ತಿದ ಆಯಾಮ ತನ್ನ ಗಾತ್ರದಲ್ಲೇ ನಿಲ್ಲಬೇಕು, ಹಿಗ್ಗಿ ಕುಗ್ಗಿ ಮಾಡಬಾರದು. ಅದನ್ನು ಹಿಡಿದು ನಿಲ್ಲಿಸುವುದು ಯಾವುದು ಎಂಬುದಕ್ಕೆ ಎಲ್ಲರೂ ಒಪ್ಪುವ ಉತ್ತರ ಇನ್ನೂ ಇಲ್ಲ.

ಜಿನೀವಾದ ಕಣ ವೇಗೋತ್ಕರ್ಷಕದಲ್ಲಿ ಇದು ಸಿಗಬೇಕಿತ್ತಲ್ಲ ಎಂದು ಕೇಳುವವರಿದ್ದಾರೆ. 1998ರ ವಾದದ ಪ್ರಕಾರ ಸಿಗಬಹುದಿತ್ತು, ಹುಡುಕಿದರು, ಸಿಗಲಿಲ್ಲ. ಕಪ್ಪು ಆಯಾಮದ ಗುರುತ್ವ ಬಲಗೊಳ್ಳುವ ಶಕ್ತಿಮಟ್ಟ ಆ ಯಂತ್ರದ ಸಾಮರ್ಥ್ಯಕ್ಕಿಂತ ಲಕ್ಷ ಪಟ್ಟು, ಇನ್ನೂ ಹೆಚ್ಚೂ ಮೇಲಿದೆ. ಅಲ್ಲಿ ಸಿಗದಿರುವುದು ಈ ವಾದಕ್ಕೆ ಪರವೂ ಅಲ್ಲ, ವಿರೋಧವೂ ಅಲ್ಲ.

ಈಚಿನ ಸದ್ದಿಗೆಲ್ಲ ಕಾರಣ ಬೇರೆ. ಅರಿಜೋನಾದ ಕಿಟ್ ಪೀಕ್ ಬೆಟ್ಟದ ಮೇಲಿನ ದೂರದರ್ಶಕಕ್ಕೆ 5000 ಪುಟ್ಟ ರೋಬೋಟುಗಳನ್ನು ಜೋಡಿಸಿ, ಒಂದೊಂದರ ಕೈಗೆ ಒಂದೊಂದು ಬೆಳಕಿನ ಎಳೆ ಕೊಟ್ಟು ಗ್ಯಾಲಕ್ಸಿಗಳ ದೂರ ಅಳೆಯುವ ಡೆಸಿ ಎಂಬ ಯೋಜನೆ ಇದೆ. 2025ರ ಮಾರ್ಚಿನಲ್ಲಿ ಅದು ಒಂದು ಕೋಟಿ 40 ಲಕ್ಷಕ್ಕೂ ಹೆಚ್ಚು ಗ್ಯಾಲಕ್ಸಿ, ಕ್ವೇಸಾರುಗಳ ಲೆಕ್ಕ ಮುಂದಿಟ್ಟು, ಕಪ್ಪು ಶಕ್ತಿ ಸ್ಥಿರವಲ್ಲ, ಕಾಲಕ್ರಮದಲ್ಲಿ ಕ್ಷೀಣಿಸುತ್ತಿರಬಹುದು ಎಂಬ ಸುಳಿವು ಕೊಟ್ಟಿತು. ಕಪ್ಪು ಆಯಾಮದವರು ಅದನ್ನು ಕೂಡಲೇ ಹಿಡಿದುಕೊಂಡರು. ಕಪ್ಪು ಶಕ್ತಿ ಬದಲಾದರೆ ಐದನೇ ಆಯಾಮದ ಗಾತ್ರವೂ ತುಸು ಬದಲಾಗಬೇಕು, ಆಗ ಅದರಲ್ಲಿ ಸುತ್ತುವ ಗ್ರಾವಿಟಾನುಗಳ ಭಾರವೂ ಬದಲಾಗಬೇಕು. ಹಾಗೆ ಲೆಕ್ಕ ಹಾಕಿದರೆ ಡೆಸಿಯ ಅಂಕಿಗಳಿಗೆ ಚೆನ್ನಾಗಿಯೇ ಹೊಂದುತ್ತದೆ ಎಂದು 2025ರಲ್ಲೇ ಬೆದ್ರೋಯಾ, ಒಬಿಯೆದ್, ವಫಾ, ವು ಪ್ರಬಂಧ ಬರೆದರು. ಹುಡುಗನ ಮೊಬೈಲಿಗೆ ನೇರಳೆ ಸುಳಿಯಾಗಿ ಬಂದದ್ದು ಬಹುಶಃ ಇದರದ್ದೇ ನಾಲ್ಕನೆಯೋ ಐದನೆಯೋ ಕೈಯ ರೂಪ.

ನಾನು ಇಲ್ಲಿ ಕೈ ಹಿಂದೆಗೆಯುತ್ತೇನೆ. ಡೆಸಿಯ ಸುಳಿವಿನ ಗಟ್ಟಿತನ, ಯಾವ ಸೂಪರ್‌ನೋವಾ ಪಟ್ಟಿಯ ಜೊತೆ ಸೇರಿಸುತ್ತೀರಿ ಎಂಬುದರ ಮೇಲೆ, 2.8ರಿಂದ 4.2 ಸಿಗ್ಮಾ (ಕಂಡದ್ದು ಬರೀ ಆಕಸ್ಮಿಕವಲ್ಲ ಎಂಬ ಖಾತರಿಯ ಅಳತೆ ಇದು). ಪತ್ತೆಯಾಯಿತು ಎನ್ನಲು ಭೌತವಿಜ್ಞಾನಿಗಳು ಕೇಳುವುದು 5. ಪಟ್ಟಿ ಬದಲಾಯಿಸಿದರೆ ಉತ್ತರವೂ ಬದಲಾಗುವ ಲೆಕ್ಕದ ಮೇಲೆ ಐದನೇ ಆಯಾಮವನ್ನು ಕಟ್ಟುವುದು, ಒಸರು ಸಿಗುವ ಮೊದಲೇ ಸುರಂಗದ ಬಾಯಿಗೆ ಟಾಂಕಿ ಕಟ್ಟಿಸಿದ ಹಾಗೆ. ಡೆಸಿ ಹೇಳಿದ್ದು ನಿಜವಾದರೂ ಬದಲಾಗುವ ಕಪ್ಪು ಶಕ್ತಿಯನ್ನು ಆಯಾಮಗಳ ಹಂಗಿಲ್ಲದೆ ವಿವರಿಸುವ ಹತ್ತಾರು ದಾರಿಗಳಿವೆ. ಆಕಾಶ ಈ ವಾದಕ್ಕೆ ಸಾಕ್ಷಿ ಹೇಳಬಹುದು, ತೀರ್ಪು ಕೊಡಲಾರದು. ತೀರ್ಪು ಬರುವುದಿದ್ದರೆ ಮೇಜಿನ ಮೇಲಿನ ಆ ಎರಡು ಬಿಲ್ಲೆಗಳ ನಡುವಿನಿಂದ.

ಇದೆಲ್ಲವನ್ನೂ ಹುಡುಗನಿಗೆ ಹೇಳಿ ಮುಗಿಸುವಾಗ ಪಂಪು ನಿಲ್ಲಿಸುವ ಹೊತ್ತಾಗಿತ್ತು. ಅವನು ಕಣಿಯ ಬರೆಯ ಮೇಲೆ ಕುಳಿತು ಪೈಪಿನ ಬುಡಕ್ಕೆ ಸೋಗೆಯ ಚೂರುಗಳನ್ನು ಹಾಕುತ್ತಿದ್ದ. "ಅಜ್ಜ, ಅಳೆದು ಮುಗಿಸಿದ್ದು 30ರವರೆಗೆ. ಇರಬೇಕಾದದ್ದು 10ರ ಒಳಗೆ. ಅಲ್ಲವಾ?"

"ಹೌದು."

"ಆದರೆ ನಡುವೆ ಕಟ್ಟಿದ ತಗಡೇ 10 ಮೈಕ್ರಾನ್ ಎಂದಿರಲ್ಲ. ಆಯಾಮ ತಗಡಿನ ದಪ್ಪಕ್ಕಿಂತ ಚಿಕ್ಕದಿದ್ದರೆ, ಅದು ತಗಡಿನ ಒಳಗೇ ಮುಗಿದುಹೋಗುವುದಿಲ್ಲವಾ?"

ಅದನ್ನು ನಾನು ಹೇಳಿಕೊಟ್ಟಿರಲಿಲ್ಲ. ತೊಡಕಿರುವುದು ಸರಿಯಾಗಿ ಅಲ್ಲಿಯೇ. ತಗಡನ್ನು ತೆಗೆದರೆ ವಿದ್ಯುತ್ ಬಲ ನುಗ್ಗುತ್ತದೆ, ಇಟ್ಟರೆ ಹತ್ತಿರ ಹೋಗಲು ಬಿಡುವುದಿಲ್ಲ. ಬಿಲ್ಲೆಗಳ ಬದಲು, ಕೂದಲಿಗಿಂತ ಸಣ್ಣ ಗಾಜಿನ ಮಣಿಯನ್ನು ನಿರ್ವಾತದಲ್ಲಿ ಲೇಸರ್ ಕಿರಣದ ಮೇಲೆ ತೇಲಿಸಿ, ಪಕ್ಕಕ್ಕೆ ಇನ್ನೊಂದು ತುಣುಕನ್ನು ತಂದು ಅಳೆಯುವ ಪ್ರಯತ್ನಗಳೂ ನಡೆಯುತ್ತಿವೆ. ಗುರುತ್ವವನ್ನು ಮುಟ್ಟುವಷ್ಟು ಸೂಕ್ಷ್ಮತೆ ಅವಕ್ಕಿನ್ನೂ ಬರಬೇಕು. ಅಷ್ಟನ್ನು ಹೇಳಿದೆ. ಅವನು ಮತ್ತೊಂದು ಚೂರನ್ನು, ಈ ಸಲ ಪೈಪಿನ ಬಾಯಿಗೆ ತಾಗುವಷ್ಟು ಹತ್ತಿರ, ಬಿಟ್ಟ. ಅದು ಗಿರಗಿರ ತಿರುಗಿ ಬರೆಗೆ ಬಡಿದು, ಕಣಿಯುದ್ದಕ್ಕೆ ಹೊರಟಿತು.